ಕಿತ್ತಳೆಯನ್ನು ಕುಡಿಯಲು ಕಲಿಸಿದವರು

ವರ್ಷಕ್ಕೆ ಒಂದೆರಡು ಸಲವಾದರೂ ನಾವು ಬರೆದೇ ಬರೆಯುವ ಸುದ್ದಿಯೊಂದಿದೆ. ಟೊಮೆಟೊ ಬೆಲೆ ಕುಸಿತ, ರಸ್ತೆಗೆ ಸುರಿದ ರೈತ. ಫೋಟೊ ಮಾತ್ರ ಹೊಸದು. ಹಳೆಯ ಕಾಪಿಯಲ್ಲಿ ಊರು, ತಾಲ್ಲೂಕು, ಬಾಕ್ಸಿನ ರೇಟು ಬದಲಿಸಿದರೆ ಸುದ್ದಿ ರೆಡಿ. ಹೋದ ಸಲ ಹಾಗೇ ಫೋಟೊ ತೆಗೆದು ಹೊರಡುವಾಗ ಟ್ರೇಲರ್ ಮೇಲೆ ಕೂತಿದ್ದ ರೈತರೊಬ್ಬರು ಕೇಳಿದರು: ‘ಅಲ್ಲ ಸ್ವಾಮಿ, ಕೆಜಿ ಎರಡು ರೂಪಾಯಿಗೆ ಇಳಿದ್ರೂ ಜನ ಯಾಕೆ ಜಾಸ್ತಿ ತಿನ್ನಲ್ಲ?’

ನಮ್ಮ ಹತ್ತಿರ ಉತ್ತರ ಇರಲಿಲ್ಲ. ಇದ್ದದ್ದು ಡೆಡ್‌ಲೈನ್ ಮಾತ್ರ.

ಉತ್ತರ ಹುಡುಕುತ್ತಾ ಹೋದರೆ ಸಿಕ್ಕಿದ್ದು ಟೊಮೆಟೊ ಅಲ್ಲ, ಕಿತ್ತಳೆ. ಇದೇ ಪ್ರಶ್ನೆಯನ್ನು ನೂರಾ ಹದಿನೈದಕ್ಕೂ ಹೆಚ್ಚು ವರ್ಷಗಳ ಹಿಂದೆ ಅಮೆರಿಕದ ಕ್ಯಾಲಿಫೋರ್ನಿಯಾದ ಕಿತ್ತಳೆ ಬೆಳೆಗಾರರು ಕೇಳಿಕೊಂಡಿದ್ದರು. ಅವರಿಗೆ ಒಂದು ಉತ್ತರವೂ ಸಿಕ್ಕಿತು. ಆ ಉತ್ತರ ಜಗತ್ತಿನ ಬೆಳಗಿನ ತಿಂಡಿಯ ಮೇಜನ್ನೇ ಬದಲಿಸಿತು. ಈಗ ಅದೇ ಉತ್ತರ ನಮ್ಮ ಕಣ್ಣೆದುರೇ ಕರಗುತ್ತಿದೆ. ಆ ಕತೆಯನ್ನು ನಮಗೆ ತಿಳಿದಷ್ಟು ಹೇಳುತ್ತೇವೆ.

ಮೊದಲು ಪ್ರಶ್ನೆಯನ್ನೇ ನೋಡೋಣ. ಊಟದ ಸಾಮಾನಿನ ಬೇಡಿಕೆಗೆ ಹೊಟ್ಟೆಯೇ ಗಡಿ. ಟೊಮೆಟೊ ಅರ್ಧ ರೇಟಿಗೆ ಬಂತೆಂದು ಯಾರೂ ಸಾರಿಗೆ ಎರಡು ಪಟ್ಟು ಟೊಮೆಟೊ ಹಿಂಡುವುದಿಲ್ಲ. ಹಾಗೆಯೇ ಬೆಲೆ ಏರಿದಾಗ ಒಂದೇ ಸಲಕ್ಕೆ ಬಿಡುವುದೂ ಇಲ್ಲ. ಆದ್ದರಿಂದ ಬೆಳೆ ಸ್ವಲ್ಪ ಹೆಚ್ಚಾದರೆ ಬೆಲೆ ಬಹಳ ಬೀಳುತ್ತದೆ, ಸ್ವಲ್ಪ ಕಡಿಮೆಯಾದರೆ ಬಹಳ ಏರುತ್ತದೆ. 17ನೇ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಗ್ರೆಗರಿ ಕಿಂಗ್ ಎಂಬಾತನ ಹೆಸರಿನಲ್ಲಿ ಉಳಿದಿರುವ ಲೆಕ್ಕ ಇದನ್ನೇ ಹೇಳುತ್ತದೆ: ಧಾನ್ಯದ ಫಸಲು ಹತ್ತರಲ್ಲಿ ಒಂದು ಪಾಲು ಕಡಿಮೆಯಾದರೆ ಬೆಲೆ ಹತ್ತರಲ್ಲಿ ಮೂರು ಪಾಲು ಏರುತ್ತದೆ. 2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕೆಜಿ ಟೊಮೆಟೊ ಬಾಕ್ಸು 2000 ರೂಪಾಯಿ ದಾಟಿದಾಗ ನಾವೆಲ್ಲ ಕಂಡದ್ದು ಕಿಂಗ್ ಲೆಕ್ಕವನ್ನೇ. ಟೊಮೆಟೊ ಹೊಲಕ್ಕೆ ರಾತ್ರಿ ಕಾವಲು ಕೂತವರ ಸುದ್ದಿಯನ್ನೂ ಆಗ ಬರೆದೆವು.

ಎರಡನೆಯ ಲೆಕ್ಕ 1857ರದು, ಜರ್ಮನಿಯ ಸ್ಯಾಕ್ಸನಿ ಸೀಮೆಯ ಅಂಕಿಅಂಶ ಅಧಿಕಾರಿ ಅರ್ನ್ಸ್ಟ್ ಎಂಗೆಲ್‌ನದು. ಮನೆಯ ಆದಾಯ ಏರಿದ ಹಾಗೆ ಅದರಲ್ಲಿ ಊಟಕ್ಕೆ ಹೋಗುವ ಪಾಲು ಇಳಿಯುತ್ತದೆ ಎಂದು ಆತ ತೋರಿಸಿದ. ಇದೂ ನಮ್ಮ ಊರಿನ ಸತ್ಯವೇ. ಕೇಂದ್ರ ಸರ್ಕಾರದ 2022-23ರ ಮನೆಖರ್ಚು ಸಮೀಕ್ಷೆಯಲ್ಲಿ ಹಳ್ಳಿಯ ಮನೆಗಳ ಖರ್ಚಿನಲ್ಲಿ ಊಟದ ಪಾಲು ಸುಮಾರು ಶೇ 46ಕ್ಕೆ ಇಳಿದಿತ್ತು. 1999-2000ದಲ್ಲಿ ಅದು ಶೇ 59ರಷ್ಟಿತ್ತು. ಆದರೆ ಊಟದೊಳಗೇ ಏನು ಏರಿತು, ಏನು ಇಳಿಯಿತು ಎಂಬುದು ಇನ್ನೂ ಸ್ವಾರಸ್ಯ. ಅಕ್ಕಿ, ಗೋಧಿ, ರಾಗಿಯ ಪಾಲು ಹಳ್ಳಿಯಲ್ಲಿ ಶೇ 22ರಿಂದ ಶೇ 5ರ ಆಸುಪಾಸಿಗೆ ಬಿತ್ತು. ಪಾನೀಯ, ಕುರುಕಲು, ಪ್ಯಾಕೆಟ್ ತಿನಿಸಿನ ಪಾಲು ಶೇ 9.6ಕ್ಕೇರಿತು, ಹಾಲಿಗಿಂತಲೂ ಹೆಚ್ಚು. ಹೊಟ್ಟೆ ತುಂಬಿದ ಮೇಲೆ ಕೈಯಲ್ಲಿ ಉಳಿಯುವ ದುಡ್ಡು ಎತ್ತ ಹೋಗಬೇಕು ಎಂದು ಯಾರೋ ಒಬ್ಬರು ತೀರ್ಮಾನಿಸುತ್ತಾರೆ. ಅದು ಬಹುತೇಕ ಆ ಮನೆಯವರಲ್ಲ.

ಕ್ಯಾಲಿಫೋರ್ನಿಯಾದವರ ಕತೆ ಶುರುವಾಗುವುದು ಇಲ್ಲೇ.

19ನೇ ಶತಮಾನದಲ್ಲಿ ಅಮೆರಿಕದ ಬಹುಪಾಲು ಮನೆಗಳಲ್ಲಿ ಕಿತ್ತಳೆ ಎಂದರೆ ಕ್ರಿಸ್‌ಮಸ್ಸಿಗೆ ಮಕ್ಕಳ ಕಾಲುಚೀಲದಲ್ಲಿ ಇಡುವ ಒಂದು ಹಣ್ಣು. ಹಬ್ಬದ ಪದಾರ್ಥ, ನಮ್ಮಲ್ಲಿ ಹಿಂದೆ ಸೇಬು ಇದ್ದಂತೆ: ಆಸ್ಪತ್ರೆಯಲ್ಲಿ ಮಲಗಿದವರನ್ನು ನೋಡಲು ಹೋಗುವಾಗ ಮಾತ್ರ ಕೊಳ್ಳುವಂಥದ್ದು. 1870ರ ದಶಕದಲ್ಲಿ ಬ್ರೆಜಿಲ್‌ನ ಬಾಹಿಯಾದಿಂದ ತಂದ ಬೀಜವಿಲ್ಲದ ತಳಿಯ ಸಸಿಗಳು ಕ್ಯಾಲಿಫೋರ್ನಿಯಾದ ರಿವರ್‌ಸೈಡ್‌ನಲ್ಲಿ ಬೇರೂರಿದವು. ರೈಲು ಬಂತು, ಮಂಜುಗಡ್ಡೆ ತುಂಬಿದ ಬೋಗಿ ಬಂತು, ತೋಟಗಳು ಮೈಲಿಗಟ್ಟಲೆ ಹಬ್ಬಿದವು. ಹಣ್ಣು ರಾಶಿ ಬಿತ್ತು. ತಿನ್ನುವವರು ಅಷ್ಟಿರಲಿಲ್ಲ. ದಲ್ಲಾಳಿಗಳು ಹೇಳಿದ ರೇಟಿಗೆ ಬೆಳೆಗಾರರು ಕೈಮುಗಿಯಬೇಕಾಯಿತು. ಕೆಲವು ವರ್ಷ ಹಣ್ಣು ಕಳಿಸಿದವನಿಗೆ ದುಡ್ಡು ಬರುವ ಬದಲು ರೈಲು ಬಾಡಿಗೆಯ ಬಾಕಿ ಬಿಲ್ಲು ಬಂದದ್ದೂ ಉಂಟು. ಈರುಳ್ಳಿ ಯಶವಂತಪುರಕ್ಕೆ ಕಳಿಸಿ ಕೈಯಿಂದ ಲಾರಿ ಬಾಡಿಗೆ ಕೊಟ್ಟು ಬಂದ ಗದಗಿನ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

1893ರಲ್ಲಿ ಅವರು ಒಕ್ಕೂಟ ಕಟ್ಟಿಕೊಂಡರು. 1905ರ ಹೊತ್ತಿಗೆ ಅದು ‘ಕ್ಯಾಲಿಫೋರ್ನಿಯಾ ಫ್ರೂಟ್ ಗ್ರೋವರ್ಸ್ ಎಕ್ಸ್‌ಚೇಂಜ್’ ಆಯಿತು. ಮಾರಾಟ ಕೈಗೆ ಬಂತು, ಆದರೆ ರಾಶಿ ಕರಗಲಿಲ್ಲ. ಆಗ ಒಕ್ಕೂಟ ಯಾವ ಬೇಸಾಯದವರೂ ಅಷ್ಟಾಗಿ ಮಾಡಿರದ ಕೆಲಸಕ್ಕೆ ಕೈಹಾಕಿತು. ಷಿಕಾಗೊದ ಲಾರ್ಡ್ ಅಂಡ್ ಥಾಮಸ್ ಎಂಬ ಜಾಹೀರಾತು ಕಂಪನಿಯನ್ನು ಹಿಡಿದು, ಹಣ್ಣಿಗೇ ಜಾಹೀರಾತು ಕೊಟ್ಟಿತು. ಸೋಪಿಗೆ, ಔಷಧಕ್ಕೆ ಜಾಹೀರಾತು ಕಂಡಿದ್ದ ಜನ ತೋಟದ ಹಣ್ಣಿಗೆ ಜಾಹೀರಾತು ಕಂಡಿರಲಿಲ್ಲ. ಪ್ರಯೋಗಕ್ಕೆ ಆರಿಸಿದ್ದು ಆಯೋವಾ ರಾಜ್ಯವನ್ನು. ಜೋಳ, ಹಂದಿ ಸಾಕಣೆಯ ಸೀಮೆ, ಚಳಿಗಾಲದಲ್ಲಿ ಹಿಮ. 1908ರಲ್ಲಿ ಬ್ಯಾನರು ಕಟ್ಟಿದ ರೈಲುಗಳಲ್ಲಿ ಹಣ್ಣು ಹೋಯಿತು. ಆರೋಗ್ಯಕ್ಕೆ ಕಿತ್ತಳೆ, ಐಶ್ವರ್ಯಕ್ಕೆ ಕ್ಯಾಲಿಫೋರ್ನಿಯಾ ಎಂಬ ಅರ್ಥದ ಘೋಷಣೆ. ಖರ್ಚಿನಲ್ಲಿ ರೈಲು ಕಂಪನಿಯೂ ಪಾಲು ಹಾಕಿತ್ತು. ಹಣ್ಣು ಹೆಚ್ಚು ಸಾಗಿದಷ್ಟೂ ಅದಕ್ಕೆ ಬಾಡಿಗೆ, ಜನ ಅಲ್ಲಿಗೆ ವಲಸೆ ಹೋದಷ್ಟೂ ಟಿಕೆಟ್ಟು. ಆಯೋವಾದಲ್ಲಿ ಕಿತ್ತಳೆ ಮಾರಾಟ ಹೆಚ್ಚುಕಡಿಮೆ ಒಂದೂವರೆ ಪಟ್ಟಾಯಿತು. ‘ಸನ್‌ಕಿಸ್ಟ್’ ಎಂಬ ಹೆಸರು ಹುಟ್ಟಿದ್ದು ಆ ದಿನಗಳಲ್ಲೇ. ಹಣ್ಣು ಸುತ್ತಿದ ಕಾಗದಗಳನ್ನು ಕೂಡಿಸಿ ಕಳಿಸಿದರೆ ಬೆಳ್ಳಿ ಲೇಪದ ಚಮಚ ಕೊಡುವ ಸ್ಕೀಮೂ ಬಂತು. ಚಮಚ ಏಕೆಂದರೆ ಆಗ ಕಿತ್ತಳೆಯನ್ನು ಅಡ್ಡಲಾಗಿ ಕೊಯ್ದು, ಅರ್ಧ ಹೋಳನ್ನು ಚಮಚದಲ್ಲಿ ಕೆದಕಿ ತಿನ್ನುತ್ತಿದ್ದರು.

ಅರ್ಧ ಹೋಳು. ತೊಡಕು ಇದ್ದದ್ದು ಅಲ್ಲಿ. ತಿನ್ನುವವನಿಗೆ ಅರ್ಧ ಹಣ್ಣು, ಬಹಳ ಆದರೆ ಒಂದು ಸಾಕು. ಹೊಟ್ಟೆಯ ಗಡಿಯನ್ನು ದಾಟುವುದು ಹೇಗೆ?

ಹಿಂಡಿದರೆ ದಾಟಬಹುದು. ಒಂದು ಲೋಟ ತುಂಬಲು ಎರಡು ಮೂರು ಹಣ್ಣು ಬೇಕು. 1916ರಲ್ಲಿ ‘ಕಿತ್ತಳೆಯನ್ನು ಕುಡಿಯಿರಿ’ ಎಂಬ ಪ್ರಚಾರ ಶುರುವಾಯಿತು. ಹಿಂಡಲು ಗಾಜಿನ ಪುಟ್ಟ ಸಾಧನವನ್ನು ಹತ್ತು ಸೆಂಟಿಗೆ ಕೊಟ್ಟರು. ಸೋಡಾ ಅಂಗಡಿಗಳಿಗೆ ಹಿಂಡುವ ಯಂತ್ರ ಮಾರಿದರು. ಕುಡಿಯುವವನು ಸಿಪ್ಪೆ ನೋಡುವುದಿಲ್ಲ, ಎಷ್ಟು ಹಣ್ಣು ಹೋಯಿತು ಎಂದು ಎಣಿಸುವುದಿಲ್ಲ. ಆರ್ಥಿಕತಜ್ಞರು ಬೇಡಿಕೆಯ ರೇಖೆ ಬಲಕ್ಕೆ ಸರಿಯಿತು ಎಂದು ಒಂದು ಗೆರೆ ಎಳೆಯುತ್ತಾರಲ್ಲ, ಆ ಗೆರೆಯ ಹಿಂದೆ ಹತ್ತು ಸೆಂಟಿನ ಗಾಜಿನ ತಟ್ಟೆಯೊಂದಿತ್ತು.

ಹಿಂದೆಯೇ ವೈದ್ಯರೂ ಬಂದರು. 1920ರ ದಶಕ ವಿಟಮಿನ್‌ಗಳ ದಶಕ. ಎಲ್ಮರ್ ಮೆಕಾಲಂ ಎಂಬ ದೊಡ್ಡ ಪೌಷ್ಟಿಕ ವಿಜ್ಞಾನಿ ‘ಅಸಿಡೋಸಿಸ್’ ಎಂಬ ರಕ್ತದ ಹುಳಿತನದ ಭಯವನ್ನು ಹಬ್ಬಿಸಿದರು. ಮಾಂಸ, ಬ್ರೆಡ್ಡು ಹೆಚ್ಚು ತಿಂದರೆ ಬರುತ್ತದಂತೆ, ಹುಳಿ ಹಣ್ಣಿನ ರಸ ಕುಡಿದರೆ ಹೋಗುತ್ತದಂತೆ. ಸಾಮಾನ್ಯ ಊಟದಿಂದ ಅಂಥ ಕಾಯಿಲೆ ಬರುವುದಿಲ್ಲ ಎಂದು ಆಮೇಲೆ ಗೊತ್ತಾಯಿತು. ಅಷ್ಟರಲ್ಲಿ ಪ್ರಚಾರದ ಪುಸ್ತಿಕೆಗಳು ಮನೆಮನೆ ಸೇರಿದ್ದವು. ವಿಟಮಿನ್ ಸಿ ವಿಚಾರ ಮಾತ್ರ ನಿಜ. ತಮಾಷೆಯೆಂದರೆ ಅದನ್ನು ರಾಶಿಯಾಗಿ ಬೇರ್ಪಡಿಸಿ ತೋರಿಸಿ 1937ರಲ್ಲಿ ನೊಬೆಲ್ ಪಡೆದ ಆಲ್ಬರ್ಟ್ ಸೆಂಟ್-ಜಾರ್ಜಿಗೆ ಅದು ಸಿಕ್ಕಿದ್ದು ಕಿತ್ತಳೆಯಲ್ಲಲ್ಲ, ಹಂಗೆರಿಯ ಸೆಗೆಡ್ ಊರಿನ ಕೆಂಪು ಮೆಣಸಿನಕಾಯಿಯಲ್ಲಿ. ನಮ್ಮ ಬ್ಯಾಡಗಿಯವರು ಆಗಲೇ ಜಾಹೀರಾತು ಕೊಟ್ಟಿದ್ದರೆ ಏನಾಗುತ್ತಿತ್ತೋ!

ಇಷ್ಟೆಲ್ಲ ಆದರೂ 1930ರ ದಶಕದ ಮಹಾ ಕುಸಿತದಲ್ಲಿ ಜನರ ಕೈಯಲ್ಲಿ ದುಡ್ಡೇ ಇಲ್ಲದಾದಾಗ ಹಣ್ಣು ಮತ್ತೆ ರಾಶಿ ಬಿತ್ತು. ಬೆಲೆ ಬೀಳದಿರಲೆಂದು ಕಿತ್ತಳೆಯನ್ನು ಗುಡ್ಡೆ ಹಾಕಿ, ಹಸಿದವರು ಹೆಕ್ಕದಿರಲೆಂದು ಸೀಮೆಎಣ್ಣೆ ಸುರಿಯುವ ದೃಶ್ಯ ಜಾನ್ ಸ್ಟೈನ್‌ಬೆಕ್ ಅವರ 1939ರ ‘ದಿ ಗ್ರೇಪ್ಸ್ ಆಫ್ ರಾತ್’ ಕಾದಂಬರಿಯಲ್ಲಿದೆ. ಬೇಡಿಕೆ ಎಂಬ ಪದದೊಳಗೆ ಹಸಿವು ಸೇರುವುದಿಲ್ಲ. ಹಸಿವಿನ ಜೊತೆ ಕೈಯಲ್ಲಿ ಕಾಸೂ ಇದ್ದರೆ ಮಾತ್ರ ಅದು ಬೇಡಿಕೆ. ಆ ದೃಶ್ಯ ಓದಿದ ಮೇಲೆ ನಮಗೆ ರಸ್ತೆಯ ಮೇಲಿನ ಟೊಮೆಟೊ ಫೋಟೊವನ್ನು ಮೊದಲಿನ ಹಾಗೆ ನೋಡಲಾಗಲಿಲ್ಲ. ನಮ್ಮ ರೈತರು ಸೀಮೆಎಣ್ಣೆ ಸುರಿಯುವುದಿಲ್ಲ, ಬೇಕಾದವರು ತಗೊಂಡು ಹೋಗಿ ಎನ್ನುತ್ತಾರೆ, ಅಷ್ಟು ವ್ಯತ್ಯಾಸ.

ಆ ಹೊತ್ತಿಗೆ ಕತೆ ಫ್ಲಾರಿಡಾಕ್ಕೆ ಸಾಗಿತು. ಅಲ್ಲಿನ ಹಣ್ಣು ನೋಡಲು ಅಷ್ಟು ಚೆಂದವಲ್ಲ. ಸಿಪ್ಪೆ ತೆಳು, ಬಣ್ಣ ಹಸಿರು ಮಿಶ್ರಿತ, ಆದರೆ ರಸ ತುಂಬಾ. ಅಂಗಡಿಯ ಬುಟ್ಟಿಯಲ್ಲಿ ಕ್ಯಾಲಿಫೋರ್ನಿಯಾದ ಎದುರು ನಿಲ್ಲಲಾಗದ ಹಣ್ಣು ಲೋಟದಲ್ಲಿ ಗೆಲ್ಲುವಂಥದ್ದು. 1935ರಲ್ಲಿ ಫ್ಲಾರಿಡಾ ಸರ್ಕಾರ ಸಿಟ್ರಸ್ ಆಯೋಗ ಸ್ಥಾಪಿಸಿತು. ಪ್ರತಿ ಪೆಟ್ಟಿಗೆಯ ಮೇಲೆ ಬಿಡಿಗಾಸಿನ ತೆರಿಗೆ ಹಾಕಿ, ಆ ದುಡ್ಡನ್ನು ಪ್ರಚಾರಕ್ಕೆ, ಸಂಶೋಧನೆಗೆ ಬಳಸುವ ವ್ಯವಸ್ಥೆ ಅದು. ಒಬ್ಬನೇ ಬೆಳೆಗಾರ ಜಾಹೀರಾತು ಕೊಟ್ಟರೆ ಪಕ್ಕದ ತೋಟದವನಿಗೆ ಬಿಟ್ಟಿ ಲಾಭ. ಎಲ್ಲರಿಂದಲೂ ಕಡ್ಡಾಯ ವಸೂಲಿ ಮಾಡಿದರೆ ಆ ಜಗಳ ಇಲ್ಲ.

ಆದರೆ ರಸವನ್ನು ಉಳಿಸುವುದು ಹೇಗೆಂದು ಗೊತ್ತಿರಲಿಲ್ಲ. ಕುದಿಸಿ ಡಬ್ಬಿಗೆ ತುಂಬಿದರೆ ತಗಡಿನ ವಾಸನೆ, ಕಷಾಯದ ರುಚಿ. ಎರಡನೇ ಮಹಾಯುದ್ಧದಲ್ಲಿ ಸೈನಿಕರಿಗೆ ವಿಟಮಿನ್ ಸಿ ಬೇಕಾಯಿತು. ಕೊಟ್ಟ ನಿಂಬೆಪುಡಿಯನ್ನು ಅವರು ಬಾಯಿಗೆ ಹಾಕಲು ಒಪ್ಪಲಿಲ್ಲ. ಲೂಯಿ ಮ್ಯಾಕ್‌ಡೊವೆಲ್, ಎಡ್ವಿನ್ ಮೂರ್, ಸೆಡ್ರಿಕ್ ಅಟ್ಕಿನ್ಸ್ ಎಂಬ ಮೂವರು ಫ್ಲಾರಿಡಾದಲ್ಲಿ ಇದಕ್ಕೆ ಕೂತರು. ನಿರ್ವಾತದಲ್ಲಿ ಕಡಿಮೆ ಶಾಖದಲ್ಲಿ ನೀರು ಆವಿ ಮಾಡಿ, ರಸವನ್ನು ಬೇಕಾದ್ದಕ್ಕಿಂತ ಹೆಚ್ಚು ಗಟ್ಟಿ ಮಾಡಿ, ಕೊನೆಗೆ ಸ್ವಲ್ಪ ತಾಜಾ ರಸ ಬೆರೆಸಿ ಹೆಪ್ಪುಗಟ್ಟಿಸುವುದು ಅವರ ಉಪಾಯ. ಹೋದ ಪರಿಮಳ ಆ ತಾಜಾ ರಸದಿಂದ ವಾಪಸು ಬಂತು. 1948ರಲ್ಲಿ ಪೇಟೆಂಟ್ ಆಯಿತು, ಅದನ್ನು ಸರ್ಕಾರಕ್ಕೆ ಬಿಟ್ಟುಕೊಟ್ಟರು, ಯಾರು ಬೇಕಾದರೂ ಬಳಸಬಹುದಾಯಿತು. ಇತ್ತ ಬಾಸ್ಟನ್ನಿನ ಕಂಪನಿಯೊಂದು ಪೆನಿಸಿಲಿನ್ ಒಣಗಿಸಲು ಬಳಸುತ್ತಿದ್ದ ನಿರ್ವಾತ ತಂತ್ರವನ್ನು ಕಿತ್ತಳೆಗೆ ತಂದು, ಸೈನ್ಯದಿಂದ ರಸಪುಡಿಯ ಆರ್ಡರ್ ಹಿಡಿದಿತ್ತು. ಯುದ್ಧ ಮುಗಿದು ಆರ್ಡರ್ ರದ್ದಾಯಿತು. ಕೈಯಲ್ಲಿ ಯಂತ್ರ ಇತ್ತು, ಕೊಳ್ಳುವವರಿರಲಿಲ್ಲ. ಅವರು ಹೆಪ್ಪುಗಟ್ಟಿದ ಗಟ್ಟಿ ರಸಕ್ಕೆ ಹೊರಳಿ, 1946ರಲ್ಲಿ ‘ಮಿನಿಟ್ ಮೇಡ್’ ಎಂಬ ಹೆಸರಿನಲ್ಲಿ ಮಾರಿದರು.

ಮುಂದಿನ ಹದಿನೈದು ವರ್ಷ ಏನಾಯಿತು ಎಂಬುದು ಯಾವ ಕೃಷಿ ಉತ್ಪನ್ನದ ಚರಿತ್ರೆಯಲ್ಲೂ ಅಪರೂಪ. ಫ್ಲಾರಿಡಾದ ಹೆಪ್ಪುರಸ ಕೆಲವೇ ಲಕ್ಷ ಗ್ಯಾಲನ್‌ಗಳಿಂದ ಹತ್ತು ಕೋಟಿ ಗ್ಯಾಲನ್ ದಾಟಿತು. ಕಾರಣ ಒಂದಲ್ಲ. ನೀರು ತೆಗೆದ ಮೇಲೆ ಸಾಗಣೆ ಖರ್ಚು ಪಾಲಿಗೆ ಪಾಲು ಇಳಿಯಿತು. ಪುಟ್ಟ ಡಬ್ಬಿಯ ರಸಕ್ಕೆ ಅದೇ ಡಬ್ಬಿಯಲ್ಲಿ ಮೂರು ಸಲ ನೀರು ಹಾಕಿದರೆ ಮನೆಮಂದಿಗೆಲ್ಲ ಆಯಿತು, ಅದೂ ತಾಜಾ ಹಣ್ಣು ಕೊಂಡು ಹಿಂಡುವುದಕ್ಕಿಂತ ಅಗ್ಗದಲ್ಲಿ. ಯುದ್ಧ ಮುಗಿದು ಸಂಬಳ ಏರಿತ್ತು, ಮಕ್ಕಳ ಸಂಖ್ಯೆ ಏರಿತ್ತು, 1950ರ ಹೊತ್ತಿಗೆ ಬಹುಪಾಲು ಮನೆಗಳಿಗೆ ಫ್ರಿಜ್ಜು ಬಂದಿತ್ತು. ಬೆಳಿಗ್ಗೆ ಹಿಂಡುವ ಹೊತ್ತು ಉಳಿಯಿತು. ಆ ಹೊತ್ತು ಬಹುತೇಕ ಹೆಂಗಸರದು. ಹೊತ್ತಿಗೂ ಬೆಲೆ ಇದೆ ಎಂಬುದನ್ನು ನಾವು ಬೇಡಿಕೆಯ ಲೆಕ್ಕದಲ್ಲಿ ಮರೆಯುತ್ತೇವೆ. ಬೀಸುವ ಕಲ್ಲಿನ ಕಾಲ ಹೋಗಿ ಈಗ ದೋಸೆಹಿಟ್ಟಿನ ಪ್ಯಾಕೆಟ್ಟು ತಾಲ್ಲೂಕು ಕೇಂದ್ರಕ್ಕೂ ಬಂದಿರುವುದು ಅದೇ ಲೆಕ್ಕದಲ್ಲಿ. ರೇಡಿಯೋದಲ್ಲಿ ಬಿಂಗ್ ಕ್ರಾಸ್ಬಿ ಎಂಬ ಜನಪ್ರಿಯ ಗಾಯಕ ಮಿನಿಟ್ ಮೇಡ್ ಹೊಗಳಿದ. ಅವನೇ ಅದರ ಷೇರುದಾರ ಎಂಬುದು ಬೇರೆ ಮಾತು.

ಅಗ್ಗದ ಲೋಟದ ಇನ್ನೊಂದು ಬದಿ ಕಾಣಲು ಬಹಳ ವರ್ಷ ಹಿಡಿಯಿತು. ಮಿನಿಟ್ ಮೇಡನ್ನು 1960ರಲ್ಲಿ ಕೋಕಾ-ಕೋಲಾ ಕೊಂಡಿತು. 1970ರಲ್ಲಿ ಎನ್‌ಬಿಸಿ ಟಿವಿ ‘ಮೈಗ್ರಂಟ್’ ಎಂಬ ಸಾಕ್ಷ್ಯಚಿತ್ರದಲ್ಲಿ ಫ್ಲಾರಿಡಾದ ತೋಟಗಳ ವಲಸೆ ಕೂಲಿಗಳು ಹೇಗೆ ಬದುಕುತ್ತಿದ್ದಾರೆ ಎಂದು ತೋರಿಸಿತು. ಗಲಾಟೆಯಾಯಿತು, ಸೆನೆಟ್ ವಿಚಾರಣೆ ನಡೆಯಿತು, 1972ರಲ್ಲಿ ಕಂಪನಿ ಕೃಷಿ ಕೂಲಿಗಳ ಸಂಘದ ಜೊತೆ ಒಪ್ಪಂದಕ್ಕೆ ಸಹಿ ಹಾಕಿತು. ಅಂದರೆ ಕುಡಿಯುವವರು ಎರಡೂವರೆ ದಶಕ ಕುಡಿದ ಮೇಲೆ ಕೀಳುವವರ ಮುಖ ಪರದೆಯ ಮೇಲೆ ಬಂತು. ಕೊಡಗಿನ ಲೈನ್‌ಮನೆಗಳ ಬಗ್ಗೆ ವರದಿ ಮಾಡಿದವರು ನಮ್ಮಲ್ಲಿ ಇದ್ದಾರೆ. ಅವರಿಗೆ ಈ ಪ್ಯಾರಾ ಹೊಸದೆನಿಸದು.

ಹವಾಮಾನ ತನ್ನ ಪಾಲು ಕೇಳದೇ ಬಿಡಲಿಲ್ಲ. 1962ರ ಡಿಸೆಂಬರಿನ ಒಂದು ಶೀತಗಾಳಿ ಫ್ಲಾರಿಡಾದ ಮರಗಳನ್ನು ಸುಟ್ಟುಹಾಕಿತು. ಬೆಲೆ ನೆಗೆಯಿತು. ಆ ನೆಗೆತವನ್ನು ಬ್ರೆಜಿಲ್‌ನ ಸಾವೊ ಪಾಲೊ ಸೀಮೆಯವರು ನೋಡಿದರು. ಮರುವರ್ಷವೇ ಅಲ್ಲಿ ಗಟ್ಟಿರಸದ ಕಾರ್ಖಾನೆ ಏಳತೊಡಗಿತು. 1980ರ ದಶಕದಲ್ಲಿ ಫ್ಲಾರಿಡಾಕ್ಕೆ ಶೀತದ ಮೇಲೆ ಶೀತ ಬಡಿದಾಗ ಬ್ರೆಜಿಲ್ ಅದನ್ನು ಹಿಂದೆ ಹಾಕಿತು. ಇವತ್ತು ಜಗತ್ತಿನ ಕಿತ್ತಳೆ ರಸದ ರಫ್ತಿನಲ್ಲಿ ನಾಲ್ಕರಲ್ಲಿ ಮೂರು ಪಾಲಿನಷ್ಟು ಅವರದು. ಬ್ರೆಜಿಲ್‌ನವರು ಮಾತ್ರ ಮನೆಯಲ್ಲಿ ಹಣ್ಣು ಹಿಂಡಿಯೇ ಕುಡಿಯುತ್ತಾರೆ, ಡಬ್ಬಿಯದ್ದೆಲ್ಲ ಹೊರಗಿನವರಿಗೆ.

1966ರಿಂದ ನ್ಯೂಯಾರ್ಕಿನಲ್ಲಿ ಹೆಪ್ಪುರಸದ ವಾಯಿದಾ ವ್ಯಾಪಾರವೂ ನಡೆಯಿತು. 1983ರ ‘ಟ್ರೇಡಿಂಗ್ ಪ್ಲೇಸಸ್’ ಸಿನಿಮಾದ ಕ್ಲೈಮ್ಯಾಕ್ಸ್ ಇದೇ ಕಿತ್ತಳೆ ವಾಯಿದಾ. ಸರ್ಕಾರಿ ಬೆಳೆ ಅಂದಾಜು ಸೋರಿದರೆ ಏನಾಗುತ್ತದೆ ಎಂಬ ತಮಾಷೆ. ಮರುವರ್ಷ ರಿಚರ್ಡ್ ರೋಲ್ ಎಂಬ ಅರ್ಥಶಾಸ್ತ್ರಜ್ಞ ವಾಯಿದಾ ಬೆಲೆಯಲ್ಲಿ ಫ್ಲಾರಿಡಾದ ನಾಳಿನ ಚಳಿಯ ಸುಳಿವು ಮೊದಲೇ ಇರುತ್ತದೆ ಎಂದು ಲೆಕ್ಕ ಹಾಕಿ ತೋರಿಸಿದ. ಅದೇ ಪ್ರಬಂಧದಲ್ಲಿ ಇನ್ನೊಂದು ಮಾತಿತ್ತು: ಬೆಲೆಯ ಏರಿಳಿತದ ಬಹುಪಾಲಿಗೆ ಹವಾಮಾನ ಕಾರಣವಲ್ಲ. ಹಾಗಾದರೆ ಏನು ಎಂದು ಆತನೂ ಖಚಿತವಾಗಿ ಹೇಳಲಿಲ್ಲ. ಟೊಮೆಟೊ ಮಂಡಿಯ ಮೂಲೆಯಲ್ಲಿ ಟವೆಲ್ಲಿನಡಿ ಬೆರಳು ಹಿಡಿದು ರೇಟು ಕುದುರಿಸುವುದನ್ನು ನೋಡಿದ ನಮಗೆ ಇದರಲ್ಲಿ ಆಶ್ಚರ್ಯವೇನಿಲ್ಲ.

ಅಷ್ಟರಲ್ಲಿ ಕುಡಿಯುವವರ ರುಚಿಯೂ ಬದಲಾಗಿತ್ತು. ಸಿಸಿಲಿಯಿಂದ ಬರಿಗೈಯಲ್ಲಿ ಬಂದ ಆಂಥನಿ ರಾಸಿ ಎಂಬಾತ ಟ್ರಾಪಿಕಾನಾ ಕಟ್ಟಿ, ಗಟ್ಟಿ ಮಾಡದ ರಸವನ್ನೇ ಹಡಗಿನಲ್ಲಿ, ಆಮೇಲೆ 1970ರಿಂದ ಬಿಳಿ ರೈಲಿನಲ್ಲಿ ಉತ್ತರಕ್ಕೆ ಕಳಿಸಿದ. ಹೆಚ್ಚು ಬೆಲೆ, ಆದರೆ ನೀರು ಬೆರೆಸುವ ಕೆಲಸವಿಲ್ಲ, ತಾಜಾ ಎಂಬ ಭಾವನೆ. ಆದಾಯ ಏರಿದ ಮನೆ ಹೆಪ್ಪುಡಬ್ಬಿ ಬಿಟ್ಟು ಇದಕ್ಕೆ ಬಂತು. ಒಂದು ಕಾಲಕ್ಕೆ ಸಿರಿಯ ಗುರುತಾಗಿದ್ದ ಹೆಪ್ಪುರಸ ಈಗ ಬಡವರ ಪದಾರ್ಥವಾಯಿತು, ಡಾಲ್ಡಾಕ್ಕೆ ಆದ ಗತಿಯೇ. ಈ ‘ತಾಜಾ’ ರಸವನ್ನೂ ಆಮ್ಲಜನಕ ತೆಗೆದು ದೊಡ್ಡ ಟ್ಯಾಂಕುಗಳಲ್ಲಿ ತಿಂಗಳುಗಟ್ಟಲೆ ಇಡುತ್ತಾರೆ, ಕಳೆದುಹೋದ ಪರಿಮಳವನ್ನು ಕೊನೆಗೆ ಸೇರಿಸುತ್ತಾರೆ ಎಂಬುದು ಅಲಿಸಾ ಹ್ಯಾಮಿಲ್ಟನ್ ಅವರ 2009ರ ‘ಸ್ಕ್ವೀಜ್ಡ್’ ಪುಸ್ತಕ ಬಂದ ಮೇಲೆ ಬಹಳ ಜನರಿಗೆ ತಿಳಿಯಿತು.

1990ರ ದಶಕದ ಕೊನೆ ಅದರ ಉತ್ತುಂಗ. 1997-98ರಲ್ಲಿ ಫ್ಲಾರಿಡಾ 24.4 ಕೋಟಿ ಪೆಟ್ಟಿಗೆ ಕಿತ್ತಳೆ ಬೆಳೆಯಿತು. ಒಂದು ಪೆಟ್ಟಿಗೆ ಸುಮಾರು 41 ಕೆಜಿ. 2024-25ರಲ್ಲಿ ಬೆಳೆದದ್ದು ಸುಮಾರು 1.2 ಕೋಟಿ. ಇಪ್ಪತ್ತರಲ್ಲಿ ಒಂದು ಪಾಲು.

ಈ ಕುಸಿತದಲ್ಲಿ ಎರಡು ಕತೆ ಹೆಣೆದುಕೊಂಡಿವೆ. ಮರದ ಕತೆ ನಮಗೆ ಗೊತ್ತಿರುವಂಥದ್ದೇ. ಸಿಟ್ರಸ್ ಗ್ರೀನಿಂಗ್ ಎಂಬ ರೋಗ 2005ರಲ್ಲಿ ಫ್ಲಾರಿಡಾದಲ್ಲಿ ಕಾಣಿಸಿತು. ಜಿಗಿಹುಳದಂಥ ಪುಟ್ಟ ಕೀಟ ಹರಡುವ ಬ್ಯಾಕ್ಟೀರಿಯಾ ಅದು. ಎಲೆ ಹಳದಿಯಾಗುತ್ತದೆ, ಕಾಯಿ ಸೊಟ್ಟಗಾಗಿ ಹಸಿರಾಗಿಯೇ ಉದುರುತ್ತದೆ, ಮರ ಒಣಗುತ್ತದೆ. ಮದ್ದಿಲ್ಲ. ಕೊಡಗಿನ ಕಿತ್ತಳೆಯನ್ನು ದಶಕಗಳಿಂದ ತಿಂದ ರೋಗಗಳಲ್ಲಿ ಇದೂ ಒಂದು. ಕಾಫಿ ಗಿಡಗಳ ನಡುವೆ ನಿಂತಿದ್ದ ಆ ಸಡಿಲ ಸಿಪ್ಪೆಯ, ಹುಳಿಸಿಹಿಯ ಹಣ್ಣಿನ ಮರಗಳು ಒಣಗಿದಾಗ ಬಹಳ ಜನ ಮತ್ತೆ ನೆಡಲಿಲ್ಲ; ಕಾಫಿ, ಮೆಣಸು ಕೈಹಿಡಿಯುತ್ತಿದ್ದವು. ಜಿಐ ಮಾನ್ಯತೆ ಕೊಡಗಿನ ಕಿತ್ತಳೆಗಿದೆ, ಮಡಿಕೇರಿ ರಸ್ತೆ ಬದಿಯಲ್ಲಿ ಬುಟ್ಟಿ ತುಂಬಾ ಕಾಣುವುದು ಬಹಳ ಸಲ ನಾಗಪುರದ ಹಣ್ಣು. ಫ್ಲಾರಿಡಾಕ್ಕೆ ರೋಗದ ಜೊತೆ ಚಂಡಮಾರುತಗಳೂ ಬಂದವು: 2017ರಲ್ಲಿ ಇರ್ಮಾ, 2022ರಲ್ಲಿ ಇಯಾನ್, 2024ರಲ್ಲಿ ಮಿಲ್ಟನ್. ಅಲಿಕೋ ಎಂಬ ದೊಡ್ಡ ತೋಟದ ಕಂಪನಿ 2025ರ ಜನವರಿಯಲ್ಲಿ ಕಿತ್ತಳೆ ಬೇಸಾಯದಿಂದಲೇ ಹಿಂದೆ ಸರಿಯುವುದಾಗಿ ಹೇಳಿತು. ಮರ ಹೋದ ಜಾಗದಲ್ಲಿ ಮನೆಗಳು ಏಳುತ್ತಿವೆ.

ಲೋಟದ ಕತೆ ಬೇರೆ. ಅಮೆರಿಕದಲ್ಲಿ ತಲಾ ಕಿತ್ತಳೆ ರಸದ ಬಳಕೆ ಆ ಉತ್ತುಂಗದಿಂದ ಅರ್ಧಕ್ಕಿಂತ ಕೆಳಗೆ ಇಳಿದಿದೆ, ಮತ್ತು ಈ ಇಳಿತ ರೋಗ ಬರುವ ಮೊದಲೇ ಶುರುವಾಗಿತ್ತು. ಕೂತು ತಿಂಡಿ ತಿನ್ನುವ ಅಭ್ಯಾಸ ಹೋಗಿ ಕಾರಿನಲ್ಲೇ ಏನೋ ಕಚ್ಚಿಕೊಂಡು ಹೋಗುವುದು ಬಂತು. ಬಾಟಲಿ ನೀರು, ಎನರ್ಜಿ ಡ್ರಿಂಕು, ಹತ್ತಾರು ಬಗೆಯ ರಸ ಅದೇ ಕಪಾಟಿಗೆ ಬಂದವು. 2003-04ರ ಸುಮಾರಿಗೆ ಅಟ್ಕಿನ್ಸ್ ಪಥ್ಯದ ಹುಚ್ಚು ಹತ್ತಿ ಜನ ಸಕ್ಕರೆ ಎಣಿಸತೊಡಗಿದರು. ಒಂದು ಲೋಟ ಕಿತ್ತಳೆ ರಸದಲ್ಲಿ 20 ಗ್ರಾಮಿಗೂ ಮೇಲೆ ಸಕ್ಕರೆ ಇದೆ, ಕೋಲಾದ ಹತ್ತಿರಕ್ಕೆ. ಬಡ ತಾಯಿ-ಮಕ್ಕಳಿಗೆ ಸರ್ಕಾರ ಕೊಡುವ ಪಡಿತರದಲ್ಲಿ 2009ರಿಂದ ರಸದ ಪ್ರಮಾಣ ಕಡಿತವಾಯಿತು. 2017ರಲ್ಲಿ ಅಲ್ಲಿನ ಮಕ್ಕಳ ವೈದ್ಯರ ಸಂಘ ಒಂದು ವರ್ಷದೊಳಗಿನ ಕೂಸಿಗೆ ಹಣ್ಣಿನ ರಸವೇ ಬೇಡ ಎಂದಿತು. ನೂರು ವರ್ಷ ಹಿಂದೆ ಯಾವ ಆರೋಗ್ಯದ ಮಾತು ಬೇಡಿಕೆ ಕಟ್ಟಿತ್ತೋ ಅದೇ ಆರೋಗ್ಯದ ಮಾತು ಅದನ್ನು ಕೆಡವಿತು. 2020ರ ಕೋವಿಡ್ ದಿನಗಳಲ್ಲಿ ಮಾತ್ರ ಜನ ಮತ್ತೆ ವಿಟಮಿನ್ ಸಿ ಎಂದು ರಸಕ್ಕೆ ಮುಗಿಬಿದ್ದರು. ಅದು ಉಳಿಯಲಿಲ್ಲ.

ಬದಲಿಗಳು ಹೆಚ್ಚಾದಷ್ಟೂ ಬೆಲೆಯ ಏಟು ಜೋರು. ಇದನ್ನು 2024 ಚೆನ್ನಾಗಿ ತೋರಿಸಿತು. ಬ್ರೆಜಿಲ್‌ನಲ್ಲೂ ಬರ, ಅದೇ ಗ್ರೀನಿಂಗ್ ರೋಗ. ಮೂವತ್ತು ವರ್ಷಗಳಲ್ಲೇ ಕಡಿಮೆ ಫಸಲು. ಕೆಲವು ವರ್ಷ ಹಿಂದೆ ಪೌಂಡಿಗೆ ಒಂದು ಡಾಲರ್ ಆಸುಪಾಸು ಇದ್ದ ವಾಯಿದಾ ಬೆಲೆ 2024ರ ಡಿಸೆಂಬರಿನಲ್ಲಿ 5 ಡಾಲರ್ ದಾಟಿತು. ಕಂಪನಿಗಳು ಡಬ್ಬಿ ಕುಗ್ಗಿಸಿದವು. ಒಂದು ಕಾಲಕ್ಕೆ 64 ಔನ್ಸ್ ಇದ್ದ ಟ್ರಾಪಿಕಾನಾ ಡಬ್ಬಿ 59, 52 ಆಗಿ ಆ ವರ್ಷ 46ಕ್ಕೆ ಬಂತು. ನಮ್ಮ ಬಿಸ್ಕತ್ತು ಪೊಟ್ಟಣದ ಕತೆಯೇ. ಕಿತ್ತಳೆ ರಸಕ್ಕೆ ಮ್ಯಾಂಡರಿನ್ ಜಾತಿಯ ರಸ ಬೆರೆಸಲು ನಿಯಮ ಸಡಿಲಿಸಬೇಕು ಎಂಬ ಮಾತೂ ವ್ಯಾಪಾರಸ್ಥರಲ್ಲಿ ಎದ್ದಿತು. ನಮ್ಮ ಕೊಡಗು, ನಾಗಪುರದ ಹಣ್ಣುಗಳು ಆ ಜಾತಿಯವೇ. ಆದರೆ ನಾಗಪುರದ ರಸ ಇಟ್ಟಷ್ಟು ಕಹಿಯಾಗುತ್ತದೆ. ಬಿಡಿಸಿ ತಿನ್ನಲು ಹೇಳಿ ಮಾಡಿಸಿದ್ದು, ಡಬ್ಬಿಗಲ್ಲ. ಅಷ್ಟರಲ್ಲಿ ಕುಡಿಯುವವರು ಬೇರೆ ಕಡೆ ಹೋಗಿದ್ದರು. 2025ರ ಮೊದಲ ತಿಂಗಳುಗಳಲ್ಲೇ ವಾಯಿದಾ ಬೆಲೆ ಅರ್ಧಕ್ಕಿಂತ ಕೆಳಗೆ ಬಿತ್ತು, ಇನ್ನೂ ಹಣ್ಣಿನ ಕೊರತೆ ಇರುವಾಗಲೇ. ಕಿಂಗ್ ಲೆಕ್ಕ ಇಲ್ಲಿ ತಿರುವುಮುರುವು. ಅನ್ನದಂತೆ, ಸಾರಿನಂತೆ ಬಿಡಲಾಗದ ಪದಾರ್ಥ ಅದಲ್ಲ. ಕಲಿಸಿದ ಅಭ್ಯಾಸವನ್ನು ಮರೆಯಲೂಬಹುದು.

ನಮ್ಮ ಕಡೆ ಕಿತ್ತಳೆ ರಸದ ಚರಿತ್ರೆ ಬಹಳ ಉದ್ದವಿಲ್ಲ. ಹಿಂದಿನವರಿಗೆ ನೆನಪಿರುವುದು ಬೆಂಗಳೂರಿನ ಕಿಸಾನ್ ಸ್ಕ್ವಾಷಿನ ಬಾಟಲಿ, ನೆಂಟರು ಬಂದಾಗ ಮಾತ್ರ ಮುಚ್ಚಳ ತೆಗೆಯುವಂಥದ್ದು. ಆಮೇಲೆ ಗೋಲ್ಡ್ ಸ್ಪಾಟ್. 1980ರ ದಶಕದಲ್ಲಿ ರಸ್ನಾ: ಐದು ರೂಪಾಯಿ ಪೊಟ್ಟಣಕ್ಕೆ 32 ಲೋಟ. ಕಿತ್ತಳೆ ಬಣ್ಣ, ಕಿತ್ತಳೆ ವಾಸನೆ, ಸಕ್ಕರೆ ನಮ್ಮದೇ. ಹಣ್ಣಿಗೆ ಕಾಸಿಲ್ಲದ ಮನೆಗೂ ಕಿತ್ತಳೆ ಎಂಬ ಆಸೆಯನ್ನು ತಲುಪಿಸಿದ್ದು ಅದು. ಈಗ ಕಿರಾಣಿ ಅಂಗಡಿಯಲ್ಲಿ ತೂಗುವ ಹತ್ತು ರೂಪಾಯಿ ಪೊಟ್ಟಣಗಳಲ್ಲಿ ‘ಫ್ರೂಟ್ ಡ್ರಿಂಕ್’ ಎಂದಿದ್ದರೆ ಕಾನೂನು ಕೇಳುವುದು ಶೇ 10ರಷ್ಟು ರಸ ಮಾತ್ರ. ಗಟ್ಟಿರಸಕ್ಕೆ ನೀರು ಸೇರಿಸಿ ಮಾಡಿದ್ದಕ್ಕೆ ‘ಶೇ 100 ಹಣ್ಣಿನ ರಸ’ ಎಂದು ಬರೆಯಬೇಡಿ ಎಂದು ಆಹಾರ ಸುರಕ್ಷತಾ ಪ್ರಾಧಿಕಾರ 2024ರ ಜೂನ್‌ನಲ್ಲಿ ಹೇಳಬೇಕಾಯಿತು. 2025ರ ಸೆಪ್ಟೆಂಬರಿನಲ್ಲಿ ಹಣ್ಣಿನ ಪಾನೀಯಗಳ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿಯಿತು.

ಹಾಗೆಂದು ಬೆಳೆದವರೇ ಬೇಡಿಕೆ ಕಟ್ಟಿದ್ದು ನಮ್ಮಲ್ಲಿ ಇಲ್ಲವೇ ಇಲ್ಲ ಎನ್ನಲಾಗದು. ಕೋಳಿ ಸಾಕುವವರು 1982ರಲ್ಲಿ ಮೊಟ್ಟೆ ಸಮನ್ವಯ ಸಮಿತಿ ಕಟ್ಟಿ, ತಮ್ಮ ದುಡ್ಡಿನಲ್ಲೇ ಟಿವಿಯಲ್ಲಿ ವಾರದ ಎಲ್ಲ ದಿನವೂ ಮೊಟ್ಟೆ ತಿನ್ನಿ ಎಂದರು. ಡೇರಿಗಳಲ್ಲಿ ಹಾಲು ಮಿಕ್ಕುತ್ತಿದ್ದಾಗ 2013ರಲ್ಲಿ ಬಂದ ಕ್ಷೀರಭಾಗ್ಯ ಶಾಲೆಯ ಮಕ್ಕಳಿಗೂ ಹಾಲು ಕೊಟ್ಟಿತು, ಹಾಲು ಒಕ್ಕೂಟಕ್ಕೂ ದಾರಿ ಮಾಡಿತು. ಟೊಮೆಟೊಗೆ ಅಂಥದ್ದೊಂದು ಇಲ್ಲ.

ಇದೆಲ್ಲ ಓದಿಕೊಂಡು ಆ ರೈತರಿಗೆ ಫೋನ್ ಮಾಡಿ ಹೇಳಿದೆವು. ಅವರು ಪೂರ್ತಿ ಕೇಳಿದರು. ಆಯೋವಾ, ಚಮಚ, ಗಾಜಿನ ತಟ್ಟೆ ಎಲ್ಲ. ಕೊನೆಗೆ ಪೆಟ್ಟಿಗೆಗೆ ಎಷ್ಟು ಕಟ್ ಮಾಡ್ತಿದ್ರು ಎಂದು ವಿಚಾರಿಸಿದರು. ಬಿಡಿಗಾಸು, ಒಂದೆರಡು ಸೆಂಟು ಎಂದೆವು. ‘ಮಂಡೀಲಿ ನಮಗೆ ನೂರಕ್ಕೆ ಎಷ್ಟು ಕಟ್ ಮಾಡ್ತಾರೆ ಗೊತ್ತಲ್ಲ? ಅದರಲ್ಲಿ ಒಂದು ರೂಪಾಯಿ ಹಾಕಿ ಯಾರಾದ್ರೂ ನಮ್ ಹಣ್ಣು ತಿನ್ನಿ ಅಂತ ಹೇಳಿದ್ದು ಕೇಳಿದೀರಾ?’ ಎಂದರು. ಇಲ್ಲ ಎಂದೆವು. ಅವರು ಈ ಸಲ ಬೀನ್ಸ್ ಹಾಕಿದ್ದಾರಂತೆ.